ಗಣಕನು ಗಣಕವಾದ ಕಥೆ

ಪದಗಳಿಗೂ ಮನುಷ್ಯರಂತೆ ಬಡ್ತಿ, ವರ್ಗಾವಣೆ, ನಿವೃತ್ತಿಗಳಿವೆ ಎಂದು ಬರೆದರೆ, ಸರಕಾರಿ ಗುಮಾಸ್ತರಾದ ನಾವು ನಮ್ಮ ಕಚೇರಿಯ ಮಾತನ್ನೇ ಎಲ್ಲೆಡೆಗೂ ಅಂಟಿಸುತ್ತೇವೆಂದು ವಾಚಕರು ನಕ್ಕಾರು. ಆದರೆ 'ಗಣಕ' ಎಂಬ ಪದದ ಸೇವಾಪುಸ್ತಕವನ್ನು ತೆರೆದು ನೋಡಿದರೆ ಈ ಮಾತು ಸುಳ್ಳಲ್ಲವೆಂದು ತಿಳಿಯುತ್ತದೆ. ಹಳೆಯ ಬಳಕೆಯಲ್ಲಿ ಗಣಕನೆಂದರೆ ಎಣಿಸುವವನು, ಲೆಕ್ಕಿಗ, ಪಂಚಾಂಗ ಗುಣಿಸುವ ಜೋಯಿಸ. ಆತ ಪುಲ್ಲಿಂಗ. ಇಂದು ಅದೇ ಗಣಕ ನಪುಂಸಕಲಿಂಗಕ್ಕೆ ವರ್ಗವಾಗಿ ಮೇಜಿನ ಮೇಲೆ ಕುಳಿತಿದೆ. ಇಂಗ್ಲಿಷಿನ 'ಕಂಪ್ಯೂಟರ್' ಪದದ್ದೂ ಇದೇ ಹಣೆಬರಹ. ಅದೂ ಮೊದಲಿಗೆ ಮನುಷ್ಯನ ಹೆಸರು. ಕೇಂದ್ರ ಸರಕಾರದ ಜನಗಣತಿ ಕಚೇರಿಗಳಲ್ಲಿ ಕೊನೆಯ ಕಾಗುಣಿತವನ್ನು ತುಸು ಬದಲಿಸಿಕೊಂಡು 'ಕಂಪ್ಯೂಟರ್' ಎಂಬ ಹುದ್ದೆಯೇ ಬಹುಕಾಲ ಇದ್ದಿತು. ಆ ಹುದ್ದೆಯಲ್ಲಿ ಕೂತವರು ಸಂಬಳ ಎಣಿಸುತ್ತಿದ್ದರು, ಚಹಾ ಕುಡಿಯುತ್ತಿದ್ದರು, ರಜೆ ಕೇಳುತ್ತಿದ್ದರು.

ಮನುಷ್ಯನು ಯಂತ್ರವಾದ ಈ ಕಥೆ ಬಹಳ ದೂರದ್ದೆಂದೂ, ಅದೆಲ್ಲ ಅಮೆರಿಕದಲ್ಲಿ ನಡೆದದ್ದೆಂದೂ ನಮ್ಮಲ್ಲಿ ಅನೇಕರ ತಿಳುವಳಿಕೆ. ಪುಣೆಯಲ್ಲಿರುವ ಕನ್ನಡಿಗರು ಹಾಗೆ ತಿಳಿಯಬೇಕಾಗಿಲ್ಲ. ಶಿವಾಜಿನಗರದಲ್ಲಿ ಇಳಿದು ಗಣೇಶಖಿಂಡದ ಕಡೆಗೆ ನಡೆದರೆ ಈ ಕಥೆಯ ಮುಖ್ಯ ಅಧ್ಯಾಯಗಳು ದಾರಿಯ ಎಡಬಲಕ್ಕೇ ಸಿಗುತ್ತವೆ. ಪ್ರಸ್ತುತ ಲೇಖನದಲ್ಲಿ ಆ ದಾರಿಯಲ್ಲಿ ಒಮ್ಮೆ ಹೋಗಿಬಂದು, ಕೊನೆಗೆ ನಮ್ಮ ಸಂಘದ ವಾಚನಾಲಯದಲ್ಲಿ ಈಚೆಗೆ ಕೂಡಿಸಿದ ಅಂಗೈಯಗಲದ ಗಣಕದ ಬಳಿಗೆ ಬರೋಣ.

ಸಿಮ್ಲಾ ಆಫೀಸಿನ ಲೆಕ್ಕಿಗರು

ಶಿವಾಜಿನಗರದ ಹಳೆಯ ಹೆಸರು ಭಾಂಬುರ್ಡೆ. ಇಲ್ಲಿಯ ಹವಾಮಾನ ಇಲಾಖೆಯ ಕಟ್ಟಡವನ್ನು ಇಂದಿಗೂ ಜನ ಕರೆಯುವುದು ಸಿಮ್ಲಾ ಆಫೀಸ್ ಎಂದು. ಸಿಮ್ಲೆಯಲ್ಲಿದ್ದ ಇಲಾಖೆಯ ಮುಖ್ಯ ಕಚೇರಿ 1928ರಲ್ಲಿ ಪುಣೆಗೆ ಬಂದಿತು. 1944ರಲ್ಲಿ ಅದು ದಿಲ್ಲಿಗೆ ಹೋದರೂ ಇಲಾಖೆಯ ಹವಾಗುಣ ವಿಭಾಗ ಇಲ್ಲಿಯೇ ಉಳಿಯಿತು. ಕಚೇರಿ ಹೋದರೂ ಹೆಸರು ಹೋಗದೆ ನಿಲ್ಲುವುದು ಸರಕಾರಿ ಸಂಪ್ರದಾಯವಷ್ಟೆ!

ಈ ಇಲಾಖೆ ಏಕೆ ಹುಟ್ಟಿ ಬೆಳೆಯಿತೆಂಬುದನ್ನು ನಮ್ಮ ನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1876ರಿಂದ 78ರ ವರೆಗಿನ ಬರವನ್ನು ನಮ್ಮ ಹಿರಿಯರು ಧಾತು-ಈಶ್ವರ ಸಂವತ್ಸರಗಳ ಬರವೆಂದು ನೆನೆಯುತ್ತಿದ್ದರು. ಮೈಸೂರು ಸೀಮೆಯಲ್ಲಿಯೂ, ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ, ವಿಜಾಪುರಗಳ ಕಡೆಯಲ್ಲಿಯೂ ಲಕ್ಷಾಂತರ ಜನ ಆ ಬರಕ್ಕೆ ತುತ್ತಾದರು. ಇಲಾಖೆ ಸ್ಥಾಪನೆಯಾದದ್ದು ಅದಕ್ಕೆ ಒಂದು ವರ್ಷ ಮೊದಲು, 1875ರಲ್ಲಿ. ಮಳೆಗಾಲ ಹೇಗಿದ್ದೀತೆಂದು ಮುಂಚಿತವಾಗಿ ಹೇಳಲು ಸಾಧ್ಯವೇ ಎಂಬ ಪ್ರಶ್ನೆ ಬರದ ಬಳಿಕ ಸರಕಾರಕ್ಕೆ ತಪ್ಪಿಸಿಕೊಳ್ಳಲಾಗದ ಪ್ರಶ್ನೆಯಾಯಿತು. 1886ರಿಂದ ಮುಂಗಾರಿನ ಮುನ್ಸೂಚನೆಯನ್ನು ಪ್ರತಿವರ್ಷ ಪ್ರಕಟಿಸತೊಡಗಿದರು.

1904ರಲ್ಲಿ ಇಲಾಖೆಯ ಮುಖ್ಯಸ್ಥರಾಗಿ ಬಂದ ಗಿಲ್ಬರ್ಟ್ ವಾಕರ್ ಮೂಲತಃ ಗಣಿತಜ್ಞರು. ಕೇಂಬ್ರಿಜ್ಜಿನಲ್ಲಿ ಗಣಿತದ ಪರೀಕ್ಷೆಗೆ ಮೊದಲಿಗರಾಗಿದ್ದವರು. ಜಗತ್ತಿನ ಬೇರೆಬೇರೆ ಕಡೆಯ ವಾಯುಭಾರ, ಉಷ್ಣತೆ, ಮಳೆಯ ಅಂಕಿಗಳನ್ನು ತರಿಸಿ, ಯಾವುದರ ಏರಿಳಿತಕ್ಕೂ ನಮ್ಮ ಮುಂಗಾರಿಗೂ ನಂಟಿದೆಯೆಂದು ಅವರು ಹುಡುಕಿದರು. ಶಾಂತಸಾಗರದ ಒಂದು ಬದಿಯಲ್ಲಿ ವಾಯುಭಾರ ಏರಿದಾಗ ಹಿಂದೂ ಮಹಾಸಾಗರದ ಬದಿಯಲ್ಲಿ ಇಳಿಯುತ್ತದೆಂಬ, 'ದಕ್ಷಿಣದ ತೂಗಾಟ'ವೆಂದು ಈಗ ಲೋಕಪ್ರಸಿದ್ಧವಾದ ಸಂಗತಿ ಹೊರಬಿದ್ದದ್ದು ಈ ಹುಡುಕಾಟದಿಂದಲೇ. ಪುಸ್ತಕಗಳಲ್ಲಿ ವಾಕರ್ ಅವರ ಹೆಸರಿದೆ. ಆದರೆ ಆ ಗುಣಾಕಾರ ಭಾಗಾಕಾರಗಳನ್ನು ಮಾಡಿದವರು ಇಲಾಖೆಯ ಭಾರತೀಯ ಗುಮಾಸ್ತರು.

ಆ ದುಡಿಮೆ ಎಷ್ಟಿದ್ದೀತು? ವಾಚಕರೇ ಲೆಕ್ಕ ಹಾಕಿ ನೋಡಬಹುದು. ಇಪ್ಪತ್ತು ಊರುಗಳ ಮೂವತ್ತು ವರ್ಷದ ಅಂಕಿಗಳಿವೆ ಎನ್ನಿ. ಎರಡೆರಡು ಊರುಗಳನ್ನು ಜೊತೆಗೂಡಿಸಿದರೆ 190 ಜೋಡಿಗಳಾಗುತ್ತವೆ. ಒಂದೊಂದು ಜೋಡಿಗೆ ಮೂವತ್ತು ಗುಣಾಕಾರ, ಅಂದರೆ 5700 ಗುಣಾಕಾರ. ವರ್ಗಗಳು, ಮೊತ್ತಗಳು, ವರ್ಗಮೂಲಗಳು ಬೇರೆ. ಒಂದು ಗುಣಾಕಾರಕ್ಕೆ ಒಂದು ನಿಮಿಷ ಹಿಡಿದರೂ 95 ಗಂಟೆ, ದಿನಕ್ಕೆ ಏಳು ಗಂಟೆಯಂತೆ ಸುಮಾರು ಎರಡು ವಾರದ ಕೆಲಸ. ಇದೂ ಒಬ್ಬನೇ ತಲೆಯೆತ್ತದೆ ಮಾಡಿದರೆ. ತಾಳೆ ನೋಡಲು ಇನ್ನೊಬ್ಬ ಬೇಕು.

ಇಂಗ್ಲೆಂಡಿನ ಲೂಯಿಸ್ ರಿಚರ್ಡ್‌ಸನ್ 1922ರಲ್ಲಿ ಒಂದು ಪುಸ್ತಕ ಬರೆದರು. ದೊಡ್ಡದೊಂದು ಸಭಾಂಗಣದಲ್ಲಿ 64,000 ಜನ ಲೆಕ್ಕಿಗರನ್ನು ಕೂರಿಸಿದರೆ ಹವೆಯ ಬದಲಾವಣೆಯನ್ನು, ಅದು ಆಗುವ ವೇಗದಲ್ಲಿಯೇ ಲೆಕ್ಕ ಹಾಕಬಹುದೆಂದು ಅದರಲ್ಲಿ ಕಲ್ಪಿಸಿಕೊಂಡರು. ಅದು ಆಗ ವಿನೋದದಂತೆ ಕಂಡಿತು. ಸಿಮ್ಲಾ ಆಫೀಸಿನಲ್ಲಿ ಸಾಲಾಗಿ ಕೂತು ಲೆಕ್ಕ ಮಾಡುತ್ತಿದ್ದವರಿಗೆ ಮಾತ್ರ ಅದು ವಿನೋದವಲ್ಲ, ದಿನನಿತ್ಯದ ಬಾಳು.

ನಮಗೆ ಪರಿಚಯದ ನಿವೃತ್ತ ಹಿರಿಯರೊಬ್ಬರು ಅಂಕಿಗಳ ಕಚೇರಿಯಲ್ಲಿ ಆಯುಷ್ಯ ಕಳೆದವರು. ಅವರ ಮಾತು ಹೀಗೆ: "ನಮ್ಮ ಕಾಲದಾಗ ಒಂದ ಲೆಕ್ಕಾ ಇಬ್ಬರು ಬ್ಯಾರೆ ಬ್ಯಾರೆ ಕೂತು ಮಾಡತಿದ್ದೆವ್ರೀ. ತಾಳಿ ಆದರ ಸಹಿ, ಇಲ್ಲಾಂದರ ಮತ್ತ ಮೊದಲಿಂದ. ಈಗ ಪೆಟಿಗಿ ಏನ ಹೇಳತದ ಅದs ಖರೆ." ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ. ಮುಂದೆ ಪ್ರಯೋಜನಕ್ಕೆ ಬರುವುದು.

ತೂತು ಕೊರೆದ ಕಾರ್ಡು, ತಣ್ಣಗಿನ ಕೋಣೆ

ಮುಖ್ಯ ಕಚೇರಿ ಪುಣೆಗೆ ಬಂದ 1928ರಲ್ಲಿಯೇ ಅಮೆರಿಕದಲ್ಲಿ ಐಬಿಎಂ ಕಂಪನಿ ಎಂಬತ್ತು ಕಂಬಗಳ ರಂಧ್ರಕಾರ್ಡನ್ನು ಹೊರತಂದದ್ದು ಕಾಕತಾಳೀಯ. ದಪ್ಪ ಕಾಗದದ ಕಾರ್ಡಿನಲ್ಲಿ ನಿಗದಿಯಾದ ಜಾಗಗಳಲ್ಲಿ ತೂತು ಕೊರೆದರೆ ಅದೇ ಅಂಕಿ. ಕಾರ್ಡುಗಳನ್ನು ಯಂತ್ರ ಬೇರ್ಪಡಿಸುತ್ತದೆ, ಎಣಿಸುತ್ತದೆ, ಕೂಡುತ್ತದೆ. ಕಾಲಕ್ರಮದಲ್ಲಿ ಪುಣೆಯ ಹವಾಮಾನ ಕಚೇರಿಯ ದಾಖಲೆಗಳೂ ಇಂತಹ ಕಾರ್ಡುಗಳ ಮೇಲೆ ಏರಿದವು. ಲೆಕ್ಕಿಗನ ಕೈಯ ಒಂದು ಭಾಗ ಯಂತ್ರಕ್ಕೆ ಹೋದದ್ದು ಇಲ್ಲಿಂದ. ಆದರೆ ಇನ್ನೊಂದು ಕೆಲಸ ಹುಟ್ಟಿಕೊಂಡಿತು. ತೂತು ಕೊರೆಯುವ ಕೆಲಸ, ಕೊರೆದದ್ದು ಸರಿಯೇ ಎಂದು ಮತ್ತೊಮ್ಮೆ ಒತ್ತಿ ನೋಡುವ ಕೆಲಸ.

1962ರಲ್ಲಿ ಉಷ್ಣವಲಯದ ಹವಾಮಾನದ ಅಧ್ಯಯನಕ್ಕೆಂದೇ ಒಂದು ಸಂಸ್ಥೆ ಪುಣೆಯಲ್ಲಿ ಆರಂಭವಾಯಿತು. ಈಗ ಅದು ಪಾಷಾಣದಲ್ಲಿದೆ. ಅಲ್ಲಿಗೆ ಹೋಗುವ ಮುನ್ನ ಅದರ ವಿಳಾಸ ವಿದ್ಯಾಪೀಠದ ರಸ್ತೆಯ 'ರಾಮದುರ್ಗ ಹೌಸ್'. ಆ ಹೆಸರು ಓದಿದ ಬೆಳಗಾವಿ ಜಿಲ್ಲೆಯವರಿಗೆ ಮಲಪ್ರಭೆಯ ದಂಡೆಯ ತಮ್ಮ ರಾಮದುರ್ಗ ನೆನಪಾಗದೆ ಇರದು. ಗಾಳಿ-ಮಳೆಯ ಗಣಿತ ಕೆಲವು ಕಾಲ ನಮ್ಮ ಕಡೆಯ ಊರಿನ ಹೆಸರಿನ ಅಡಿಯಲ್ಲಿ ನಡೆದದ್ದು ನಮಗೊಂದು ಸಣ್ಣ ಸಂತೋಷ.

ಅಂದಿನ ಗಣಕಗಳು ಕೋಣೆ ತುಂಬುವಂಥವು. ಹವಾನಿಯಂತ್ರಣ ಬೇಕು, ಕೆಳಗೆ ತಂತಿಗಳು ಹರಿಯಲು ಎತ್ತರಿಸಿದ ನೆಲ ಬೇಕು, ಒಳಗೆ ಹೋಗಲು ಪರವಾನಗಿ ಬೇಕು. ಲೆಕ್ಕಿಗನು ಕಾರ್ಡುಗಳ ಕಟ್ಟನ್ನು ಕಿಟಕಿಯಲ್ಲಿ ಕೊಟ್ಟು ಬರಬೇಕು, ಮರುದಿನ ಉತ್ತರ ಪಡೆಯಬೇಕು. ಯಂತ್ರದ ಹೊಟ್ಟೆಯಲ್ಲಿ ಏನಿದೆ ಎಂಬುದು ಕಂಪನಿಯ ಎಂಜಿನಿಯರನಿಗೆ ಮಾತ್ರ ಗೊತ್ತು.

ಇವು ಬಂದರೆ ಗುಮಾಸ್ತರ ಅನ್ನಕ್ಕೆ ಕಲ್ಲು ಬೀಳುವುದೆಂಬ ಭಯವೂ ಅಂದೇ ಎದ್ದಿತು. ಕಲಕತ್ತೆಯಲ್ಲಿ ಜೀವವಿಮಾ ನಿಗಮದ ನೌಕರರು 1960ರ ದಶಕದಲ್ಲಿ ಗಣಕವನ್ನು ಕಚೇರಿಯೊಳಗೆ ಬಿಡದಂತೆ ಹಗಲಿರುಳು ಕಾವಲು ಕಾದರು. ಸರಕಾರ 1969ರಲ್ಲಿ ಒಂದು ಸಮಿತಿಯನ್ನು ನೇಮಿಸಿತು. ಅಧ್ಯಕ್ಷರು ನಮ್ಮ ಪುಣೆಯ ಗೋಖಲೆ ಸಂಸ್ಥೆಯ ಅರ್ಥಶಾಸ್ತ್ರಜ್ಞ ವಿ. ಎಂ. ದಾಂಡೇಕರ್. ಅವರ ವರದಿ 1972ರಲ್ಲಿ ಬಂದಿತು. ಗಣಕದಿಂದ ಎಷ್ಟು ಲಾಭ ಎಂಬುದರ ಜೊತೆಗೇ ಅದು ಯಾರ ಕೆಲಸವನ್ನು ಕಸಿಯುತ್ತದೆ ಎಂಬುದನ್ನೂ ಕೇಳಬೇಕೆಂಬ ಎಚ್ಚರ ಆ ಕಾಲಕ್ಕಿತ್ತು. ಆ ಎರಡನೆಯ ಪ್ರಶ್ನೆಯನ್ನು ಇಂದು ನಾವು ಅಷ್ಟು ಗಂಭೀರವಾಗಿ ಕೇಳುತ್ತೇವೆಯೇ?

ಸಂದುಗಳಿದ್ದ ಪೆಟ್ಟಿಗೆ

ವಿದೇಶೀ ವಿನಿಮಯದ ಕಾನೂನಿನ ಕಟ್ಟುಪಾಡಿಗೆ ಒಪ್ಪದ ಐಬಿಎಂ 1978ರಲ್ಲಿ ಭಾರತವನ್ನು ಬಿಟ್ಟುಹೋಯಿತು. ಮೂರು ವರ್ಷದ ಬಳಿಕ, 1981ರ ಆಗಸ್ಟ್ 12ರಂದು, ಅದೇ ಕಂಪನಿ ತನ್ನ ಮೇಜುಗಣಕವನ್ನು ಅಮೆರಿಕದಲ್ಲಿ ಪ್ರಕಟಿಸಿತು. ಅದರ ಒಳಗೆ ಐದು ಸಂದುಗಳಿದ್ದವು. ಯಾರು ಬೇಕಾದರೂ ತಮ್ಮ ಕಾರ್ಡೊಂದನ್ನು ಮಾಡಿ ಆ ಸಂದಿಗೆ ಸಿಕ್ಕಿಸಬಹುದು. ವಿದ್ಯುನ್ಮಂಡಲದ ನಕ್ಷೆಗಳನ್ನೊಳಗೊಂಡ ಕೈಪಿಡಿಯನ್ನೂ ಕಂಪನಿಯೇ ಮಾರಿತು. ಇದನ್ನು ಔದಾರ್ಯವೆನ್ನಿ, ಅವಸರವೆನ್ನಿ, ಪರಿಣಾಮ ಮಾತ್ರ ಮಹತ್ತರವಾದದ್ದು. ಒಂದೆರಡು ವರ್ಷಗಳಲ್ಲಿ ಅದರ ತದ್ರೂಪಿ ಯಂತ್ರಗಳು ಬಂದವು. ಬಿಡಿಭಾಗಗಳು ಅಂಗಡಿಯ ಸಾಮಾನಾದವು. ನಮ್ಮಲ್ಲಿ 1984ರ ನವೆಂಬರಿನ ಹೊಸ ಗಣಕ ನೀತಿ ಆಮದಿನ ಬಿಗಿಯನ್ನು ಸಡಿಲಿಸಿತು. ಬೆಂಗಳೂರು, ದಿಲ್ಲಿ, ಪುಣೆಗಳಲ್ಲಿ ಭಾಗಗಳನ್ನು ತರಿಸಿ ಜೋಡಿಸುವ ಕೈಗಳು ಸಿದ್ಧವಾದವು.

1988ರಲ್ಲಿ ಗಣೇಶಖಿಂಡದ ವಿದ್ಯಾಪೀಠದ ಆವರಣದಲ್ಲಿ ಸಿ-ಡ್ಯಾಕ್ ಸಂಸ್ಥೆ ಹುಟ್ಟಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರಕ್ಕೆ ಬೇಕೆಂದು ಕೇಳಿದ ದೊಡ್ಡ ಕ್ರೇ ಗಣಕವನ್ನು ಅಮೆರಿಕ ಕೊಡಲೊಪ್ಪದೆ ಇದ್ದದ್ದು ಇದರ ಹಿನ್ನೆಲೆ. ವಿಜಯ ಭಾಟಕರ್ ಅವರ ನೇತೃತ್ವದಲ್ಲಿ 1991ರಲ್ಲಿ 'ಪರಮ್ 8000' ಸಿದ್ಧವಾಯಿತು. ಇದರ ಗುಟ್ಟು ಒಂದೇ ಮಹಾಬುದ್ಧಿಯ ಯಂತ್ರವನ್ನು ಮಾಡುವುದರಲ್ಲಿರಲಿಲ್ಲ. ಬ್ರಿಟನ್ನಿನಲ್ಲಿ ತಯಾರಾದ 'ಟ್ರಾನ್ಸ್‌ಪ್ಯೂಟರ್' ಎಂಬ ಚಿಪ್ಪುಗಳಿಗೆ ತಲಾ ನಾಲ್ಕು ಕೊಂಡಿಗಳಿದ್ದವು. ಅಂಥ ಹಲವನ್ನು ಕೊಂಡಿಗೆ ಕೊಂಡಿ ಜೋಡಿಸಿ ಕೆಲಸ ಹಂಚಿಕೊಟ್ಟರು. ಸಾಲಾಗಿ ಕೂತ ಲೆಕ್ಕಿಗರಿಗೆ ಕಾಗದ ಹಂಚಿಕೊಟ್ಟ ಸಿಮ್ಲಾ ಆಫೀಸಿನ ಪದ್ಧತಿಯೇ ಇದು, ರಿಚರ್ಡ್‌ಸನ್ನರ ಸಭಾಂಗಣವೇ ಇದು. ಆಳುಗಳ ಜಾಗದಲ್ಲಿ ಚಿಪ್ಪುಗಳು ಕೂತಿದ್ದವು, ಅಷ್ಟೆ. 2024ರಲ್ಲಿ ಪಾಷಾಣದ ಹವಾಮಾನ ಸಂಸ್ಥೆಯಲ್ಲಿ ಉದ್ಘಾಟನೆಯಾದ 'ಅರ್ಕ' ಗಣಕ ಸೆಕೆಂಡಿಗೆ ಹನ್ನೊಂದು ಸಾವಿರ ಲಕ್ಷಕೋಟಿಗೂ ಮೇಲ್ಪಟ್ಟ ಲೆಕ್ಕ ಮಾಡಬಲ್ಲುದು. ಕುಟುಂಬದ ಮೂಲ ಮಾತ್ರ ಅದೇ.

ಕನ್ನಡಕ್ಕೂ ಒಂದು ಸಂದು

ನಮ್ಮ ಭಾಷೆಗೆ ಸಂಬಂಧಿಸಿದ ಅಧ್ಯಾಯ ಬರುವುದು ಇಲ್ಲಿ. ಆ ಕಾಲದ ಮೇಜುಗಣಕದ ತೆರೆಯ ಮೇಲೆ 25 ಸಾಲು, ಸಾಲಿಗೆ 80 ಅಕ್ಷರ. ಅದಕ್ಕೆ ಗೊತ್ತಿದ್ದ ಆಕಾರಗಳು ಒಟ್ಟು 256. ಅದರಲ್ಲಿ ಒತ್ತಕ್ಷರಕ್ಕೆಲ್ಲಿ ಜಾಗ, ದೀರ್ಘಕ್ಕೆಲ್ಲಿ ಜಾಗ? ಕಾನಪುರದ ಐಐಟಿಯಲ್ಲಿ ಈ ತೊಡಕಿಗೆ ಪರಿಹಾರ ಹುಡುಕುವ ಕೆಲಸ ಆರಂಭವಾಗಿದ್ದಿತು. ಆ ಕೆಲಸ ಮೋಹನ ತಾಂಬೆಯವರೊಡನೆ ಪುಣೆಯ ಸಿ-ಡ್ಯಾಕಿಗೆ ಬಂದು 'ಜಿಸ್ಟ್' ಕಾರ್ಡು ಎಂಬ ರೂಪ ತಾಳಿತು.

ಅದನ್ನು ಹಾಕುವ ಕ್ರಮ ಹಳಬರಿಗೆ ನೆನಪಿದ್ದೀತು. ವಿದ್ಯುತ್ ಕಡಿದು, ಹೊದಿಕೆಯ ತಿರುಪುಗಳನ್ನು ಬಿಚ್ಚಿ, ಹಿಂಬದಿಯ ತಗಡಿನ ಪಟ್ಟಿಯನ್ನು ತೆಗೆದು, ಕಾರ್ಡನ್ನು ಸಂದಿಗೆ ನೇರವಾಗಿ ಒತ್ತಬೇಕು. ಅಕ್ಷರ ಜೋಡಿಸುವ ವಿದ್ಯೆಯೆಲ್ಲ ಆ ಕಾರ್ಡಿನಲ್ಲಿಯೇ ಇದ್ದಿತು. ಇಂಗ್ಲಿಷಿಗಾಗಿ ಬರೆದ ತಂತ್ರಾಂಶವೂ ಅದರ ದೆಸೆಯಿಂದ ಭಾರತೀಯ ಲಿಪಿಯಲ್ಲಿ ಕೆಲಸ ಮಾಡುತ್ತಿದ್ದಿತು. ಕೇಂದ್ರ ಸರಕಾರದ ಕಚೇರಿಗಳಿಗೆ ಅದು ಬಂದದ್ದು ರಾಜಭಾಷೆಯ ನಿಯಮದಂತೆ ಹಿಂದಿಗಾಗಿ. ಆದರೆ ಹಿಂದಿ ಬರೆಯುವ ಕಾರ್ಡೇ ಕನ್ನಡವನ್ನೂ ಬರೆಯುತ್ತಿದ್ದಿತು! ಏಕೆಂದರೆ ಕೀಲಿಮಣೆಯಲ್ಲಿ 'ಕ' ಒತ್ತುವ ಕೀಲಿ ಎಲ್ಲ ಭಾರತೀಯ ಲಿಪಿಗಳಿಗೂ ಒಂದೇ. ಒಳಗೆ ಉಳಿಯುವುದು 'ಕ' ಎಂಬ ಧ್ವನಿಯ ಸಂಖ್ಯೆ. ಹೊರಗೆ ಕಾಣುವ ಆಕಾರ ಬೇಕಾದ ಲಿಪಿಯದು. ಇಸ್ಕೀ ಎಂಬ ಈ ಸಂಕೇತಕ್ರಮ 1991ರಲ್ಲಿ ಭಾರತೀಯ ಮಾನಕವಾಯಿತು. ಅದರ 1988ರ ರೂಪವನ್ನೇ ಆಧಾರವಾಗಿಟ್ಟುಕೊಂಡು ಜಾಗತಿಕ ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ಥಾನ ಸಿಕ್ಕಿತು. ಇಂದು ಕಿಸೆಯ ದೂರವಾಣಿಯಲ್ಲಿ ಮೊಮ್ಮಗಳು ಅಜ್ಜಿಗೆ ಕನ್ನಡದಲ್ಲಿ ನಾಲ್ಕು ಸಾಲು ಬರೆಯುತ್ತಾಳಾದರೆ ಅದರ ಬೇರಿನ ಒಂದು ಎಳೆ ಗಣೇಶಖಿಂಡದ ಮಣ್ಣಿನಲ್ಲಿದೆ.

ಆದರೆ ನಡುವೆ ಒಂದು ಅಡ್ಡದಾರಿ ಬಂದಿತು. 1990ರ ದಶಕದಲ್ಲಿ ಮುದ್ರಣದ ಕೆಲಸ ಮೇಜುಗಣಕಕ್ಕೆ ಬಂದಾಗ, ಅಕ್ಷರದ ಧ್ವನಿಗೆ ಬದಲು ಅದರ ತುಂಡುಗಳಿಗೆ ಸಂಖ್ಯೆ ಕೊಡುವ ಪದ್ಧತಿ ಬೆಳೆಯಿತು. ತಲೆಕಟ್ಟಿಗೊಂದು, ಕೊಂಬಿಗೊಂದು, ಒತ್ತಿಗೊಂದು. ಒಂದೊಂದು ತಂತ್ರಾಂಶದವರದು ಒಂದೊಂದು ಕ್ರಮ. ಕಾಗದದ ಮೇಲೆ ಅಂದವಾಗಿ ಅಚ್ಚಾಯಿತು, ನಿಜ. ಆದರೆ ಆ ಅಕ್ಷರರೂಪದ ಕಡತವಿಲ್ಲದ ಯಂತ್ರದಲ್ಲಿ ತೆರೆದರೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ನಾವು ಆಕಾರವನ್ನು ಉಳಿಸಿಕೊಂಡೆವು, ಅಕ್ಷರವನ್ನು ಕಳೆದುಕೊಂಡೆವು.

ಬರಿಯ ಎಲುಬಿನ ಗಣಕ

ಬಿಡಿಭಾಗ ಕೊಂಡು ಗಣಕ ಜೋಡಿಸುವುದು 1990ರ ದಶಕದಲ್ಲಿ ಊರೂರಿನ ಕಸುಬಾಯಿತು. ಬೆಂಗಳೂರಿನವರಿಗೆ ಎಸ್. ಪಿ. ರಸ್ತೆ, ಮುಂಬಯಿಯವರಿಗೆ ಲ್ಯಾಮಿಂಗ್ಟನ್ ರಸ್ತೆ ಇದ್ದಂತೆ ಪುಣೆಯವರಿಗೆ ಬುಧವಾರ ಪೇಟೆಯ ತಾಪಕೀರ ಗಲ್ಲಿ ಇದ್ದಿತು. ಆಗಿನ ಡಬ್ಬಿಗಳು ಮೊಣಕಾಲೆತ್ತರ. ಅವುಗಳನ್ನು ಕಿರಿದಾಗಿಸುವ ಸ್ಪರ್ಧೆ 2001ರ ಹೊತ್ತಿಗೆ ಬಿರುಸಾಯಿತು. ಆ ವರ್ಷ ತೈವಾನಿನ ಶಟಲ್ ಕಂಪನಿ ಬ್ರೆಡ್ಡು ಸುಡುವ ಯಂತ್ರದ ಗಾತ್ರದ ಪೆಟ್ಟಿಗೆಯೊಂದನ್ನು ಮಾರತೊಡಗಿತು. ಅದೇ ದೇಶದ ವಿಯಾ ಕಂಪನಿ ಅದೇ ವರ್ಷ 17 ಸೆಂಟಿಮೀಟರ್ ಚೌಕದ ಮೂಲಹಲಗೆಯ ಅಳತೆಯನ್ನು ಪ್ರಕಟಿಸಿತು. 2012ರ ಸುಮಾರಿಗೆ ಇಂಟೆಲ್ ಅದನ್ನು ನಾಲ್ಕು ಅಂಗುಲ ಚೌಕಕ್ಕೆ ಇಳಿಸಿತು. 2023ರಲ್ಲಿ ಇಂಟೆಲ್ ಈ ವ್ಯಾಪಾರದಿಂದ ಹಿಂದೆ ಸರಿದಾಗ ತೈವಾನಿನ ಏಸುಸ್ ಅದನ್ನು ಮುಂದುವರಿಸಿತು.

ಇಂತಹ ಪೆಟ್ಟಿಗೆಗಳನ್ನು ಬಹುವಾಗಿ 'ಬೇರ್‌ಬೋನ್' ಎಂಬ ರೂಪದಲ್ಲಿ ಮಾರುತ್ತಾರೆ. ಎಂದರೆ ಬರಿಯ ಎಲುಬು. ಹೊರಕವಚ, ಮೂಲಹಲಗೆ, ವಿದ್ಯುತ್ ಒದಗಿಸುವ ಸಾಧನ ಇರುತ್ತವೆ. ತೀರ ಸಣ್ಣವುಗಳಲ್ಲಿ ಪ್ರೊಸೆಸರ್ ಹಲಗೆಗೇ ಬೆಸೆದಿರುತ್ತದೆ. ನೆನಪಿನ ಪಟ್ಟಿ, ಸಂಗ್ರಹದ ಡಿಸ್ಕು, ಕಾರ್ಯನಿರ್ವಹಣಾ ತಂತ್ರಾಂಶ ಇವುಗಳನ್ನು ಕೊಂಡವನೇ ತುಂಬಿಕೊಳ್ಳಬೇಕು. ನಮ್ಮ ಸಂಘದ ವಾಚನಾಲಯದ ಹಳೆಯ ಯಂತ್ರಕ್ಕೆ 2025ರ ಅಕ್ಟೋಬರ್ 14ರಂದು ಕೊನೆಗೊಂಡ ವಿಂಡೋಸ್ 10ರ ರಕ್ಷಣೆಯೂ ಎಟುಕದ ಮುಪ್ಪು ಬಂದುದರಿಂದ, ಕಾರ್ಯಕಾರಿ ಸಮಿತಿ ಇಂಥದೊಂದನ್ನು ತರಿಸಿತು. ಅದನ್ನು ಸಿದ್ಧಪಡಿಸುವ ಕೆಲಸ, ಬಿಎಸ್‌ಸಿ ಓದಿದವರೆಂಬ ಒಂದೇ ಕಾರಣಕ್ಕೆ, ನಮ್ಮ ಪಾಲಿಗೆ ಬಂದಿತು. ಕ್ರಮವನ್ನು ಇಲ್ಲಿ ಬರೆಯುತ್ತೇವೆ. ಮನೆಯಲ್ಲಿ ಮಾಡಬಯಸುವ ವಾಚಕರಿಗೆ ಉಪಯೋಗವಾದೀತು.

ಮೊದಲು ವಿದ್ಯುತ್ ತಂತಿಯನ್ನು ಕಿತ್ತು, ಒಳಗೆ ಉಳಿದ ವಿದ್ಯುತ್ತು ಹೋಗಲೆಂದು ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿಯಬೇಕು. ಪುಣೆಯ ಒಣ ಚಳಿಗಾಲದಲ್ಲಿ ಉಣ್ಣೆ ಬಟ್ಟೆ ತೊಟ್ಟವರ ಮೈಯಲ್ಲಿ ಸ್ಥಾಯೀ ವಿದ್ಯುತ್ತು ಸೇರಿರುತ್ತದೆ. ನಮಗೆ ತಿಳಿಯದಷ್ಟು ಸಣ್ಣ ಕಿಡಿಯೂ ಚಿಪ್ಪಿಗೆ ಮಾರಕ. ಆದ್ದರಿಂದ ಬರಿ ಲೋಹವನ್ನು ಮುಟ್ಟಿ ಅದನ್ನು ಕಳೆದುಕೊಳ್ಳಬೇಕು. ಪೆಟ್ಟಿಗೆಯನ್ನು ಬೋರಲು ಹಾಕಿ ತಳದ ತಿರುಪುಗಳನ್ನು ಸಡಿಲಿಸಿ ಮುಚ್ಚಳ ಎತ್ತಬೇಕು. ಕೆಲವು ಮಾದರಿಗಳಲ್ಲಿ ಮುಚ್ಚಳಕ್ಕೂ ಹಲಗೆಗೂ ಪಟ್ಟಿತಂತಿಯ ಸಂಪರ್ಕ ಇರುವುದರಿಂದ ಜಗ್ಗಬಾರದು.

ನೆನಪಿನ ಪಟ್ಟಿಗಳಲ್ಲಿ ಪೀಳಿಗೆಗಳಿವೆ. ಡಿಡಿಆರ್4ಕ್ಕೆ 1.2 ವೋಲ್ಟು, ಡಿಡಿಆರ್5ಕ್ಕೆ 1.1 ವೋಲ್ಟು. ಒಂದರ ಜಾಗದಲ್ಲಿ ಇನ್ನೊಂದು ಕೂಡದಂತೆ ಅಂಚಿನ ಕಚ್ಚನ್ನು ಬೇರೆಬೇರೆ ಕಡೆ ಮಾಡಿದ್ದಾರೆ. ಕಚ್ಚಿಗೆ ಕಚ್ಚು ಕೂಡಿಸಿ, ಪಟ್ಟಿಯನ್ನು ಓರೆಯಾಗಿ ಒಳಗೆ ತಳ್ಳಿ, ಮೆಲ್ಲಗೆ ಕೆಳಗೆ ಒತ್ತಿದರೆ ಎರಡು ಬದಿಯ ಕೊಕ್ಕೆಗಳು 'ಟಕ್' ಎಂದು ಹಿಡಿಯುತ್ತವೆ. ಕೂಡದಿದ್ದರೆ ಬಲ ಹಾಕುವುದಕ್ಕಿಂತ ಕಣ್ಣು ಹಾಕುವುದು ಲೇಸು. ಡಿಸ್ಕಾದರೋ ಈಗ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದದ ಚೂಯಿಂಗ್ ಗಮ್ಮಿನಂಥ ಪಟ್ಟಿ. ಅದನ್ನೂ ಓರೆಯಾಗಿ ಸಿಕ್ಕಿಸಿ ತುದಿಗೆ ಒಂದೇ ತಿರುಪು ಹಾಕಿದರೆ ಮುಗಿಯಿತು. ಮುಚ್ಚಳ ಹಾಕಿ, ತೆರೆ, ಕೀಲಿಮಣೆ, ಅಡಾಪ್ಟರು ಜೋಡಿಸಿ ಗುಂಡಿ ಒತ್ತಬೇಕು. ಹೊಸ ನೆನಪಿನ ಪಟ್ಟಿಯನ್ನು ಯಂತ್ರ ಪರೀಕ್ಷಿಸಿಕೊಳ್ಳುವಾಗ ಮೊದಲ ಸಲ ತೆರೆ ಕೆಲವು ಕಾಲ ಕಪ್ಪಾಗಿಯೇ ಇರಬಹುದು. ಗಾಬರಿಯಾಗಿ ವಿದ್ಯುತ್ ಕಡಿಯದೆ ಕಾಯಬೇಕು. ಬಳಿಕ ಒಳಗಿನ ವ್ಯವಸ್ಥೆಯ ಪುಟದಲ್ಲಿ ನೆನಪು, ಡಿಸ್ಕು, ದಿನಾಂಕಗಳನ್ನು ನೋಡಿ, ಪೆನ್‌ಡ್ರೈವಿನಿಂದ ಕಾರ್ಯನಿರ್ವಹಣಾ ತಂತ್ರಾಂಶವನ್ನು ಇಳಿಸಿಕೊಳ್ಳಬೇಕು. ಕನ್ನಡದ ಕೀಲಿಮಣೆ ಅದರೊಡನೆಯೇ ಬರುತ್ತದೆ. ಕಾರ್ಡು ಬೇಡ, ಸಂದು ಬೇಡ. ನಾವು ಕೆಲಸ ಮುಗಿಸಿದ್ದು ಒಂದು ಮಧ್ಯಾಹ್ನದಲ್ಲಿ.

ಇಲ್ಲದ ತೂತಿನ ಪ್ರಶ್ನೆ

ಹೊಸದು ಕೂತಿತು. ಹಳೆಯದರಲ್ಲಿದ್ದದ್ದು? ಅದರಲ್ಲಿ ನಮ್ಮ ಪತ್ರಿಕೆಯ ಅನೇಕ ವರ್ಷಗಳ ಸಂಚಿಕೆಗಳಿದ್ದವು. ಹಿರಿಯ ಸದಸ್ಯರು ಬರೆದ ನೆನಪುಗಳು, ದಿವಂಗತರಾದವರ ಕವನಗಳು, ಸಂಘದ ಶಾಲೆಗಾಗಿ ಚಂದಾ ಎತ್ತಿದ ವರ್ಷಗಳ ವೃತ್ತಾಂತ. ಎಲ್ಲವೂ ಮೇಲೆ ಹೇಳಿದ ತುಂಡಕ್ಷರದ ಪದ್ಧತಿಯಲ್ಲಿ. ಅಕ್ಷರ ಜೋಡಿಸುವ ತಂತ್ರಾಂಶ ನಡೆಯಬೇಕಾದರೆ ಮುದ್ರಕದ ಬಾಯಿಗೆ 'ಬೀಗ'ವೆಂಬ ಒಂದು ಸಣ್ಣ ಸಾಧನ ಸಿಕ್ಕಿಸಿರಬೇಕು. ಹೊಸ ಪೆಟ್ಟಿಗೆಯಲ್ಲಿ ಆ ಬಾಯಿಯೇ ಇಲ್ಲ. ಹಳೆಯ ಡಿಸ್ಕಿನ ನಲವತ್ತು ಮುಳ್ಳುಗಳ ಪಟ್ಟಿತಂತಿಗೂ ಇದರಲ್ಲಿ ಎಡೆಯಿಲ್ಲ.

ಪೆಟ್ಟಿಗೆಯ ಮೈಮೇಲಿನ ತೂತುಗಳನ್ನು ನಾವು ಸುಮ್ಮನೆ ತೂತುಗಳೆಂದು ತಿಳಿಯುತ್ತೇವೆ. ನಿಜವಾಗಿ ಒಂದೊಂದೂ ಒಂದೊಂದು ಕಾಲಕ್ಕೆ ಹೋಗುವ ಬಾಗಿಲು. ಪೆಟ್ಟಿಗೆ ಕಿರಿದಾದಷ್ಟೂ ಹಿಂದಿನ ಕಾಲಕ್ಕೆ ಹೋಗುವ ಬಾಗಿಲುಗಳು ಮುಚ್ಚುತ್ತ ಬರುತ್ತವೆ. ಹಳೆಯ ಯಂತ್ರವನ್ನು ರದ್ದಿಗೆ ಹಾಕಿಬಿಡೋಣವೆಂದು ಸಮಿತಿಯಲ್ಲಿ ಸಲಹೆ ಬಂದಿದ್ದಿತು. ಹಾಕಿದ್ದರೆ ಅಷ್ಟು ವರ್ಷಗಳ ಬರವಣಿಗೆ ತಗಡಿನ ಬೆಲೆಗೆ ಹೋಗುತ್ತಿದ್ದಿತು.

ಡಿಸ್ಕನ್ನು ಬಿಚ್ಚಿ, ಅಗ್ಗದ ಪರಿವರ್ತಕವೊಂದರ ಮೂಲಕ ಹೊಸ ಯಂತ್ರಕ್ಕೆ ಹೊಂದಿಸಿ ಕಡತಗಳನ್ನು ನಕಲು ಮಾಡಿಕೊಂಡೆವು. ಆಮೇಲೆ ಅವುಗಳ ಪಠ್ಯವನ್ನು ಯೂನಿಕೋಡಿಗೆ ತಿರುಗಿಸುವ ತಂತ್ರಾಂಶವನ್ನು ಬಳಸಿದೆವು. ಬಹುಭಾಗ ಸರಿಯಾಗಿ ಬಂದಿತು. ಎಡವಿದ್ದು ಅರ್ಕಾವೊತ್ತಿನಲ್ಲಿ. 'ಸೂರ್ಯ' ಎಂಬಲ್ಲಿ ಉಚ್ಚಾರದಲ್ಲಿ 'ರ್' ಮೊದಲು, 'ಯ' ಆಮೇಲೆ. ಆದರೆ ಅರ್ಕಾವೊತ್ತು ಹಾಕಿ ಬರೆದಾಗ ಕಣ್ಣಿಗೆ ಕಾಣುವ ಕ್ರಮ ತಿರುವುಮುರುವು. ತುಂಡಕ್ಷರದ ಕಡತ ಕಣ್ಣಿನ ಕ್ರಮದಲ್ಲಿರುತ್ತದೆ, ಯೂನಿಕೋಡು ಕಿವಿಯ ಕ್ರಮದಲ್ಲಿರುತ್ತದೆ. ಯಂತ್ರ ಅಲ್ಲಲ್ಲಿ ಧರ್ಮವನ್ನೂ ಕರ್ಮವನ್ನೂ ಕಲಸುಮೇಲೋಗರ ಮಾಡಿತು. ಅದನ್ನು ತಿದ್ದಲು ಕನ್ನಡ ಬಲ್ಲ ಕಣ್ಣೇ ಬೇಕು.

ಆ ಹಿರಿಯರ ಮಾತು ಪ್ರಯೋಜನಕ್ಕೆ ಬಂದದ್ದು ಇಲ್ಲಿ. ಒಂದೊಂದು ಸಂಚಿಕೆಯನ್ನು ಇಬ್ಬಿಬ್ಬರಿಗೆ ಕೊಟ್ಟೆವು. ಅವರು ಬೇರೆಬೇರೆ ಕೂತು, ಹಳೆಯ ಅಚ್ಚಿನ ಪ್ರತಿಯೊಡನೆ ಹೋಲಿಸಿ ತಿದ್ದುತ್ತಾರೆ. ಇಬ್ಬರದೂ ತಾಳೆಯಾದರೆ ಸಹಿ. ಕೆಲಸ ಇನ್ನೂ ನಡೆದಿದೆ. ಎಪ್ಪತ್ತು ದಾಟಿದ ನಾಲ್ವರು ರವಿವಾರಕ್ಕೊಮ್ಮೆ ವಾಚನಾಲಯಕ್ಕೆ ಬಂದು ಕೂರುತ್ತಾರೆ. ಸೆಕೆಂಡಿಗೆ ಕೋಟಿಗಟ್ಟಲೆ ಲೆಕ್ಕ ಮಾಡುವ ಪೆಟ್ಟಿಗೆಯ ಎದುರು ಮತ್ತೆ ಮನುಷ್ಯ ಗಣಕರು!

ವಾಚಕರಲ್ಲಿ ನಮ್ಮ ವಿನಂತಿ ಇಷ್ಟೆ. ಗಣಕ ಕೊಳ್ಳುವಾಗ ಅದರ ವೇಗವನ್ನು ಕೇಳುವಂತೆಯೇ, ಅದರ ಮುಚ್ಚಳ ತೆಗೆಯಬಹುದೇ, ನೆನಪಿನ ಪಟ್ಟಿ ಬದಲಿಸಬಹುದೇ ಎಂದೂ ಕೇಳಿರಿ. ಪಟ್ಟಿಯನ್ನು ಹಲಗೆಗೇ ಬೆಸೆದ ಯಂತ್ರಗಳು ಹೆಚ್ಚುತ್ತಿವೆ. ಅವು ಕೆಟ್ಟರೆ ಇಡಿಯಾಗಿ ಕಸ. ಮನೆಯ ಮಕ್ಕಳ ಕೈಗೆ ಒಮ್ಮೆ ತಿರುಪುಳಿ ಕೊಟ್ಟು ಒಂದು ಪೆಟ್ಟಿಗೆಯನ್ನು ತೆರೆಸಿರಿ. ಒಳಗಿರುವುದು ಮಾಯೆಯಲ್ಲ, ಯಾರೋ ಕೂತು ಮಾಡಿದ ಕೆಲಸ ಎಂಬುದು ಅವರಿಗೆ ತಿಳಿಯಲಿ. ಹಳೆಯ ಯಂತ್ರವನ್ನು ವಿಲೇವಾರಿ ಮಾಡುವ ಮುನ್ನ, ಅದರೊಳಗೆ ತುಂಡಕ್ಷರದಲ್ಲಿ ಮಲಗಿರುವ ಕನ್ನಡವನ್ನು ಎಬ್ಬಿಸಿ ಹೊರಗೆ ತನ್ನಿರಿ. ಆಮೇಲೆ ಅದನ್ನು ನೋಂದಾಯಿತ ಇ-ತ್ಯಾಜ್ಯ ಕೇಂದ್ರಕ್ಕೆ ಕೊಡಿರಿ.

ತಮ್ಮ ಮನೆಯ ಹಳೆಯ ಡಿಸ್ಕುಗಳಲ್ಲಿ ನಮ್ಮ ಪತ್ರಿಕೆಯ ಸಂಚಿಕೆಗಳೋ, ಹಿರಿಯರ ಬರಹಗಳೋ ಇರುವವರು ರವಿವಾರ ಬೆಳಿಗ್ಗೆ ವಾಚನಾಲಯಕ್ಕೆ ತಂದರೆ ನಕಲು ಮಾಡಿಕೊಟ್ಟು ಮೂಲವನ್ನು ಹಿಂದಿರುಗಿಸುತ್ತೇವೆ. ತಾಳೆ ನೋಡಲು ಇನ್ನೂ ನಾಲ್ಕು ಜೊತೆ ಕಣ್ಣುಗಳೂ ಬೇಕಾಗಿವೆ. ಸಂಬಳವಿಲ್ಲ, ಚಹಾ ಉಂಟು.